ಶ್ರೀಧರಣ್ಣ ಕಂಡದ್ದು

ಮೊನ್ನೆ ಸೋಗಾನೆಯ ಹತ್ತಿರ, ವಿಮಾನ ನಿಲ್ದಾಣದಿಂದ ಊರಿಗೆ ಬರುವ ರಸ್ತೆಯ ಪಕ್ಕದ ಬಯಲಲ್ಲಿ ಒಬ್ಬ ಮನುಷ್ಯ ಬೋರಲು ಮಲಗಿದ್ದ. ನಾದಿನಿಯನ್ನು ಹೈದರಾಬಾದಿನ ವಿಮಾನಕ್ಕೆ ಬಿಟ್ಟು ಸ್ಕೂಟರಿನಲ್ಲಿ ವಾಪಸ್ ಬರುತ್ತಿದ್ದೆ. ಅವನ ಮುಖದ ಮುಂದೆ ಕ್ಯಾಮೆರಾ ಇತ್ತು. ಅದರಾಚೆ ಒಣಹುಲ್ಲಿನಲ್ಲಿ ಯಾವುದೋ ಸಣ್ಣ ಹಕ್ಕಿ ಕುಪ್ಪಳಿಸುತ್ತಿತ್ತು. ಫೋಟೋ ತೆಗೆಯುತ್ತಿದ್ದಾನೆ ಅಂತ ಯಾರಿಗಾದರೂ ತಿಳಿಯುವಂತಿತ್ತು, ನನಗೂ ತಿಳಿಯಿತು. ಆದರೂ ಸ್ಕೂಟರ್ ನಿಲ್ಲಿಸಿ, "ಏನ್ರೀ, ಸ್ವಲ್ಪ ಏಳ್ರೀ" ಅಂತ ಕೂಗಿದೆ. ಅವನು ಅಲುಗಾಡಲಿಲ್ಲ. ಇನ್ನೂ ಜೋರಾಗಿ ಕೂಗಿದೆ. ಹಕ್ಕಿ ಹಾರಿಹೋಯಿತು. ಅವನು ಎದ್ದು ಮೊಣಕೈಯ ಮಣ್ಣು ಕೊಡವುತ್ತಾ, "ಯಾಕೆ ಮೇಡಂ, ಇಲ್ಲಿ ಮಲಗಬಾರ್ದಾ?" ಅಂತ ಕೇಳಿದ. ಏನಿಲ್ಲ ಅಂದೆ. ಅಲ್ಲೇ ಮರದಡಿ ನಿಂತು ನೀರು ಕುಡಿದು ಮನೆಗೆ ಬಂದೆ.

ನನ್ನ ಅಣ್ಣ ಶ್ರೀಧರನ ಮಾತು ಹೋದ ಆ ಚಳಿಗಾಲವನ್ನು ನಾನು ಯಾರ ಹತ್ತಿರವೂ ಪೂರ್ತಿ ಹೇಳಿಕೊಂಡವಳಲ್ಲ.

ಅಣ್ಣ ಭದ್ರಾವತಿಯ ಕಾರ್ಖಾನೆಯೊಂದರ ಮೆಷಿನ್ ಶಾಪಿನಲ್ಲಿ ಫೋರ್‌ಮನ್ ಆಗಿದ್ದು ನಿವೃತ್ತನಾದವನು. ಜನ್ನಾಪುರದಲ್ಲಿ ಮನೆ. ಅಣ್ಣ, ಗಿರಿಜ ಅತ್ತಿಗೆ ಇಬ್ಬರೇ, ಮಕ್ಕಳಿಲ್ಲ. ನಾನಿರುವುದು ಶಿವಮೊಗ್ಗದ ವಿನೋಬನಗರದಲ್ಲಿ. ಅಲ್ಲಿನ ಒಂದು ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡುತ್ತೇನೆ. ಅಣ್ಣನಿಗೆ ಹಕ್ಕಿ ನೋಡುವ ಹುಚ್ಚು ಹತ್ತಿದ್ದು ಭದ್ರಾ ಹಿನ್ನೀರಿನಲ್ಲಿ. ಬೇಸಿಗೆಯಲ್ಲಿ ಅಲ್ಲಿನ ನಡುಗಡ್ಡೆಗಳ ಮೇಲೆ ಮೊಟ್ಟೆಯಿಡಲು ಬರುವ ರೀವಹಕ್ಕಿಗಳನ್ನು ಒಮ್ಮೆ ನೋಡಿ ಬಂದವನು, ಆಮೇಲೆ ರಜೆ ಸಿಕ್ಕಿದಾಗೆಲ್ಲ ದುರ್ಬೀನು ಕುತ್ತಿಗೆಗೆ ಹಾಕಿಕೊಂಡು ಹೊರಡುತ್ತಿದ್ದ. ಅವನ ಜೊತೆಗಾರ ಮುರುಗೇಶ್, ಅದೇ ಕಾರ್ಖಾನೆಯ ವೆಲ್ಡರ್. ಮುರುಗೇಶನ ಅಜ್ಜ ತಮಿಳುನಾಡಿನಿಂದ ಕೆಲಸಕ್ಕೆ ಬಂದು ಭದ್ರಾವತಿಯಲ್ಲೇ ನೆಲೆಯಾದವನು. ಮುರುಗೇಶ್ ಅಣ್ಣನಿಗಿಂತ ವಯಸ್ಸಿನಲ್ಲಿ ಚಿಕ್ಕವನು, ಅಣ್ಣನನ್ನು ಗುರುಗಳೇ ಅಂತ ಕರೆಯುತ್ತಿದ್ದ. ಅರ್ಧ ತಮಾಷೆ, ಅರ್ಧ ನಿಜ.

ಪ್ರತಿವರ್ಷ ಚಳಿಗಾಲ ಮುಗಿಯುವ ಹೊತ್ತಿಗೆ ಅವರಿಬ್ಬರೂ ಮುರುಗೇಶನ ಹಳೇ ಓಮ್ನಿಯಲ್ಲಿ ಘಾಟಿ ಇಳಿದು ಕಡಲ ತೀರಕ್ಕೆ ಹೋಗುತ್ತಿದ್ದರು. ಬರುವಾಗ ಕಾಫಿಗೆ ನಮ್ಮ ಮನೆಯಲ್ಲಿ ಇಳಿಯುವುದು ವಾಡಿಕೆ. ಮುಖ ಬಿಸಿಲಿಗೆ ಕರಕಲಾಗಿ, ಪ್ಯಾಂಟಿನ ಮಡಿಕೆಯಿಂದ ನಮ್ಮ ಹಾಲಿನ ತುಂಬ ಮರಳು ಉದುರಿಸುತ್ತಾ ಅಣ್ಣ ಹೇಳುತ್ತಿದ್ದ: "ಸುಮಿ, ಕಡಲಕ್ಕಿಗಳಿಗೆ ತಲೆ ಕಪ್ಪಾಗೋಕ್ಕೆ ಶುರುವಾಗಿದೆ ಕಣೇ. ಇನ್ನು ಸ್ವಲ್ಪ ದಿನ ಅಷ್ಟೇ, ಊರಿಗೆ ಹೊರಡ್ತಾವೆ." ನನಗೆ ಕಾಗೆ, ಗಿಣಿ, ಗುಬ್ಬಿ ಬಿಟ್ಟರೆ ಬೇರೆ ಹಕ್ಕಿ ಗೊತ್ತಿಲ್ಲ. ಹೂಂ ಹೂಂ ಅನ್ನುತ್ತಾ ಕೇಳುತ್ತಿದ್ದೆ.

ಆ ವರ್ಷ ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಅಣ್ಣ ಗಡ್ಡ ಹೆರೆಯುತ್ತಾ ನಿಂತಲ್ಲೇ ಬಿದ್ದ. ಸ್ಟ್ರೋಕ್. ಆಸ್ಪತ್ರೆಯಿಂದ ಮನೆಗೆ ಬಂದಾಗ ಬಲಗೈ, ಬಲಗಾಲು ಸೋತಿದ್ದವು, ಮಾತು ಹೋಗಿತ್ತು. ಉಳಿದದ್ದು ಒಂದೇ ಪದ, "ಅದೇ". ನೀರು ಬೇಕಾದರೂ ಅದೇ, ಬೇಡವಾದರೂ ಅದೇ, ಸಿಟ್ಟು ಬಂದರೂ ಅದೇ. ನಾವು ಹೇಳಿದ್ದೆಲ್ಲ ಅವನಿಗೆ ಅರ್ಥವಾಗುತ್ತಿತ್ತು. ಬರೆಯಲಿ ಅಂತ ಎಡಗೈಗೆ ಪೆನ್ಸಿಲ್ ಕೊಟ್ಟರೆ ಗೀಟು ಗೀಟು ಎಳೆದು ಬಿಸಾಕುತ್ತಿದ್ದ. ಕೈಯ ತೊಂದರೆ ಅಲ್ಲ, ಅಕ್ಷರ ಹುಡುಕುವ ಜಾಗಕ್ಕೇ ಏಟು ಬಿದ್ದಿದೆ ಅಂತ ಡಾಕ್ಟರು ಹೇಳಿದರು. ಮಾತು ಕಲಿಸಲು ಬರುತ್ತಿದ್ದ ಹುಡುಗಿ ಲೋಟದ ಚಿತ್ರ ತೋರಿಸಿ, "ಇದೇನು ಅಂಕಲ್?" ಅಂದರೆ ಅಣ್ಣ ಗಟ್ಟಿಯಾಗಿ ಉಸಿರೆಳೆದುಕೊಂಡು, ತುಟಿ ಸರಿಮಾಡಿಕೊಂಡು, "ಅದೇ" ಅನ್ನುತ್ತಿದ್ದ. ತಾನು ಅಂದದ್ದು ಲೋಟ ಅಲ್ಲ ಅಂತ ಅವನ ಕಿವಿಗೆ ಕೇಳಿಸುತ್ತಿತ್ತು. ಆಗ ಅವನ ಮುಖ ನೋಡಲು ನನ್ನಿಂದ ಆಗುತ್ತಿರಲಿಲ್ಲ.

ಭಾನುವಾರ ಬಂತೆಂದರೆ ನಾನು ಬಸ್ಸು ಹತ್ತಿ ಭದ್ರಾವತಿಗೆ ಹೋಗುತ್ತಿದ್ದೆ. ಮುರುಗೇಶ್ ಮಾತ್ರ ಪ್ರತಿ ಸಂಜೆ ಬರುತ್ತಿದ್ದ. ಕಾರ್ಖಾನೆಯ ಕೆಲಸ ಹೋದ ಮೇಲೆ ಅವನು ಒಂದು ವರ್ಕ್‌ಶಾಪಿನಲ್ಲಿ ಗೇಟು, ಗ್ರಿಲ್ಲು ವೆಲ್ಡ್ ಮಾಡುತ್ತಿದ್ದ. ಕೈಕಾಲು ತೊಳೆದು ಅಣ್ಣನ ಎದುರು ಕೂತು ಬೇಕಂತಲೇ ತಪ್ಪು ತಪ್ಪು ಹೇಳುತ್ತಿದ್ದ. "ಗುರುಗಳೇ, ಇವತ್ತು ಕೆರೆ ಏರಿ ಮೇಲೆ ಬೆಳ್ಳಕ್ಕಿ ನೋಡ್ದೆ. ಮರ ಕುಟ್ಟಿ ಕುಟ್ಟಿ ತೂತು ಮಾಡ್ತಿತ್ತು." ಅಣ್ಣ ಜೋರಾಗಿ ತಲೆಯಾಡಿಸಿ, ಎಡಗೈಯಿಂದ ಕುರ್ಚಿಯ ಕೈ ಬಡಿದು, "ಅದೇ, ಅದೇ" ಅಂತ ಕೂಗುತ್ತಿದ್ದ. ಕೂಗಿ ನಗುತ್ತಿದ್ದ. ಆ ಮನೆಯಲ್ಲಿ ಆಗ ನಗು ಅಂತ ಇದ್ದದ್ದು ಆ ಒಂದು ಗಳಿಗೆ.

ಕಡಲಿಗೆ ಕರೆದುಕೊಂಡು ಹೋಗುವ ಯೋಚನೆಯೂ ಮುರುಗೇಶನದೇ. "ಅಕ್ಕಾ, ಲೋಟ, ತಟ್ಟೆ ತೋರಿಸಿದ್ರೆ ಇವರಿಗೆ ಮಾತು ಬರಲ್ಲ. ಹಕ್ಕಿ ಕಾಣ್ಲಿ, ಹೆಸರು ತಾನಾಗೇ ಬಾಯಿಗೆ ಬರುತ್ತೆ ನೋಡಿ."

ಅತ್ತಿಗೆ ಒಪ್ಪಲಿಲ್ಲ. ಘಾಟಿಯ ತಿರುವು, ದಾರಿಯಲ್ಲಿ ಬಚ್ಚಲಿಗೆ ಕರೆದುಕೊಂಡು ಹೋಗುವ ಕಷ್ಟ, ಬಿಸಿಲು ಅಂತ ಒಂದೊಂದೇ ಹೇಳಿದರು. ಡಾಕ್ಟರು ಹೋಗಬಹುದು ಅಂದರು. ಅಣ್ಣ ಅತ್ತಿಗೆಯ ಸೆರಗು ಹಿಡಿದು "ಅದೇ, ಅದೇ" ಅಂತ ಬೇಡಿಕೊಂಡ. "ಆಯ್ತು ಮಾರಾಯ್ರೆ, ಹೋಗೋಣ" ಅಂದರು ಅತ್ತಿಗೆ.

ಹೊರಟ ದಿನ ಬೆಳಕು ಹರಿಯುವ ಮುಂಚೆ ಅವರು ಭದ್ರಾವತಿ ಬಿಟ್ಟು, ವಿನೋಬನಗರಕ್ಕೆ ಬಂದು ನನ್ನನ್ನು ಹತ್ತಿಸಿಕೊಂಡರು. ತೀರ್ಥಹಳ್ಳಿ ದಾಟುವವರೆಗೂ ಚಳಿ ಇತ್ತು. ಅಣ್ಣ ಮುಂದಿನ ಸೀಟಿನಲ್ಲಿ ಸ್ವೆಟರ್ ಹಾಕಿಕೊಂಡು ಕೂತಿದ್ದ. ಹುಲಿಕಲ್ ಘಾಟಿಯ ಮೇಲೆ ಮುರುಗೇಶ್ ವ್ಯಾನ್ ನಿಲ್ಲಿಸಿದ. ಕೆಳಗೆ ಕಣಿವೆಯಲ್ಲಿ ಮಂಜು ತುಂಬಿತ್ತು. ಥರ್ಮಾಸಿನ ಕಾಫಿ ಕುಡಿದು ಮತ್ತೆ ಹೊರಟೆವು. ಮುರುಗೇಶ್ ದಾರಿಯುದ್ದಕ್ಕೂ ಮಾತಾಡುತ್ತಿದ್ದ. ಒಂದೆರಡು ಸಲ ಎಡಭುಜ ನೀವಿಕೊಂಡದ್ದನ್ನು ಕಂಡು ಅತ್ತಿಗೆ, "ಏನಾಯ್ತು ಮುರುಗೇಶ್?" ಅಂದರು. "ನಿನ್ನೆ ಒಂದು ದೊಡ್ಡ ಗೇಟು ಎತ್ತಿದ್ವಿ ಅಕ್ಕಾ, ಅದಕ್ಕೇ" ಅಂದ.

ಕುಂದಾಪುರ ದಾಟಿ ಅವರು ಯಾವಾಗಲೂ ಹೋಗುತ್ತಿದ್ದ ಅಳಿವೆಗೆ ಹೋದೆವು. ನದಿ ಅಲ್ಲಿ ಕಡಲು ಸೇರುತ್ತದೆ. ನೀರು ಇಳಿದಿತ್ತು. ದಡದಿಂದ ಸ್ವಲ್ಪ ದೂರದಲ್ಲಿ ಒಂದು ಉದ್ದನೆಯ ಮರಳದಿಬ್ಬ ಎದ್ದು ಕಾಣುತ್ತಿತ್ತು. ನಮಗೂ ಅದಕ್ಕೂ ನಡುವೆ ನೀರಿನ ಒಂದು ಕವಲು. ಅದರಲ್ಲಿ ಹೆಂಗಸರು ಬಗ್ಗಿ ಚಿಪ್ಪು ಹೆಕ್ಕುತ್ತಿದ್ದರು, ನೀರು ಅವರ ಮೊಣಕಾಲಿನವರೆಗೂ ಇರಲಿಲ್ಲ. ದಿಬ್ಬದ ತುಂಬ ಹಕ್ಕಿಗಳು. ಮುರುಗೇಶ್ ಅಣ್ಣನನ್ನು ಹೆಚ್ಚುಕಡಿಮೆ ಹೊತ್ತುಕೊಂಡೇ ತಂದು ಗಾಳಿಮರದ ನೆರಳಿನಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿದ. ದೊಡ್ಡ ದುರ್ಬೀನನ್ನು ಸ್ಟ್ಯಾಂಡಿನ ಮೇಲೆ ಕುರ್ಚಿಯ ಎತ್ತರಕ್ಕೆ ಇಳಿಸಿ ನಿಲ್ಲಿಸಿದ. ಅಣ್ಣ ಎಡಗೈಯಲ್ಲೇ ತಿರುಗಿಸಿಕೊಳ್ಳಲಿ ಅಂತ ಅದಕ್ಕೊಂದು ಕಬ್ಬಿಣದ ಹಿಡಿ ವೆಲ್ಡ್ ಮಾಡಿ ತಂದಿದ್ದ.

ಅಣ್ಣ ದುರ್ಬೀನಿಗೆ ಕಣ್ಣಿಟ್ಟ. ಬಹಳ ಹೊತ್ತು ತೆಗೆಯಲಿಲ್ಲ. ಆ ಮುಖವನ್ನು ನಾನು ಕಾಯಿಲೆ ಬಂದ ಮೇಲೆ ನೋಡಿಯೇ ಇರಲಿಲ್ಲ. ಅತ್ತಿಗೆ ಮೆಲ್ಲಗೆ, "ಏನ್ರೀ ಅದು? ಯಾವ ಹಕ್ಕಿ?" ಅಂತ ಕೇಳಿದರು. ಅಣ್ಣ ಬಾಯಿ ತೆರೆದ. "ಕ" ಅಂದ. ಮತ್ತೆ "ಕ... ಕ..." ಅಂದ. ಅತ್ತಿಗೆ ನನ್ನ ಕೈ ಹಿಡಿದುಕೊಂಡರು. ಮುರುಗೇಶ್ ತಾನೇ ಹೇಳುವವನ ಹಾಗೆ ತುಟಿ ಅಲ್ಲಾಡಿಸುತ್ತಾ ನಿಂತಿದ್ದ. "ಕಡಲಕ್ಕಿ" ಅಂತ ಪೂರ್ತಿ ಬರಲಿಲ್ಲ. ಆದರೂ ಅದು "ಅದೇ" ಅಲ್ಲ, ಬೇರೆ ಅಕ್ಷರ. ನಾವು ಮೂವರೂ ಅಷ್ಟಕ್ಕೇ ಹಿಗ್ಗಿದೆವು.

ತಂದಿದ್ದ ಚಿತ್ರಾನ್ನ ತಿಂದ ಮೇಲೆ ಮುರುಗೇಶ್ ದುರ್ಬೀನಿನಲ್ಲಿ ನೋಡಿ, "ಗುರುಗಳೇ, ದಿಬ್ಬದ ಆ ತುದಿಯಲ್ಲಿ ಕೆಂಪು ಕೊಕ್ಕಿಂದು ಇದೆ ನೋಡಿ. ಕಪ್ಪು ಬಿಳಿ ಮೈ. ನೀವು ಇಷ್ಟು ವರ್ಷ ಹುಡುಕಿದ್ದು ಅದೇ ಅಲ್ವಾ?" ಅಂದ. ಅಣ್ಣ ನೋಡಿದ. ಅವನ ಕಣ್ಣು ತುಂಬಿತು. "ಹತ್ತಿರದಿಂದ ಫೋಟೋ ತೆಗೆದು ತರ್ತೀನಿ, ಮನೇಲಿ ದೊಡ್ಡದು ಮಾಡಿ ಗೋಡೆಗೆ ಹಾಕೋಣ" ಅಂದವನೇ ಮುರುಗೇಶ್ ಚಪ್ಪಲಿ ಬಿಟ್ಟು, ಪ್ಯಾಂಟು ಮಡಚಿ, ಕ್ಯಾಮೆರಾ ಎತ್ತಿಹಿಡಿದು ನೀರಿಗಿಳಿದ. ಚಿಪ್ಪು ಹೆಕ್ಕಿ ಮುಗಿಸಿ ದಡಕ್ಕೆ ಬರುತ್ತಿದ್ದ ಹೆಂಗಸೊಬ್ಬಳು, "ನೀರ್ ಏರುಕ್ ಶುರು ಆಯ್ತ್, ಬೇಗ ಬನ್ನಿ ಮಾರ್ರೆ" ಅಂದಳು. ಅವನು ಕೈಯಾಡಿಸಿದ. ದಿಬ್ಬ ಹತ್ತಿ, ಹಕ್ಕಿಗಳು ಬೆದರದ ಹಾಗೆ ಬಗ್ಗಿ ನಡೆಯುತ್ತಾ ಸಣ್ಣದಾದ.

ಮುರುಗೇಶ್ ಫೋಟೋ ತೆಗೆಯುತ್ತಿದ್ದದ್ದು ನೆಲಕ್ಕೆ ಬೋರಲು ಮಲಗಿ. ಹಕ್ಕಿಯ ಕಣ್ಣಿನ ಎತ್ತರಕ್ಕೆ ನಮ್ಮ ಕಣ್ಣು ಇರಬೇಕು ಅನ್ನುತ್ತಿದ್ದ. ಇದು ನಮಗೆಲ್ಲ ಗೊತ್ತಿತ್ತು. ಅವನು ದಿಬ್ಬದ ಮೇಲೆ ಮಲಗಿದ್ದು ಕಂಡಾಗ ನಮಗೆ ಏನೂ ಅನ್ನಿಸಲಿಲ್ಲ.

ಅತ್ತಿಗೆ ಡಬ್ಬಿ ತೊಳೆಯುತ್ತಿದ್ದರು. ಅಣ್ಣ ಒಮ್ಮೆಲೇ "ಅದೇ" ಅಂತ ಕೂಗಿದ. ದುರ್ಬೀನಿನಿಂದ ಮುಖ ತೆಗೆದು ನನ್ನನ್ನು ನೋಡಿ, ದಿಬ್ಬದ ಕಡೆ ಕೈ ಮಾಡಿ, "ಅದೇ, ಅದೇ, ಅದೇ" ಅಂದ. ನಾನು ಖುಷಿಯಿಂದ ಹೋಗಿ ಪಕ್ಕದಲ್ಲಿ ಕೂತೆ. "ಏನಣ್ಣ, ಕೆಂಪು ಕೊಕ್ಕಿಂದಾ?" ಅವನು ಅಲ್ಲ ಅಂತ ತಲೆಯಾಡಿಸಿದ. "ಹದ್ದಾ? ಗರುಡನಾ?" ಅವನು ಕುರ್ಚಿಯ ಕೈ ಬಡಿದ. "ಕ, ಕ ಅಂತ ಶುರುಮಾಡಣ್ಣ, ಬೆಳಿಗ್ಗೆ ಬಂದಿತ್ತಲ್ಲ" ಅಂದೆ. ಅವನು ಅಳತೊಡಗಿದ. ಹೆಸರು ಬಾರದ ಸಂಕಟಕ್ಕೆ ಅಳುತ್ತಿದ್ದಾನೆ ಅಂದುಕೊಂಡೆ. ಅತ್ತಿಗೆಯೂ ಬಂದು, "ಇರ್ಲಿ ಬಿಡಿ, ಇನ್ನೊಂದು ಸಲ ಬರುತ್ತೆ" ಅಂತ ಬೆನ್ನು ಸವರಿದರು. ಅವನು ಅತ್ತಿಗೆಯ ಕೈ ತಳ್ಳಿ, ಎಡಗೈ ಮೇಲೆತ್ತಿ ದಿಬ್ಬದ ಕಡೆ ಬೀಸಿದ. ದೂರದಲ್ಲಿ ಯಾರೋ ಕೈ ಬೀಸಿದರೆ ನಾವು ತಿರುಗಿ ಬೀಸುತ್ತೇವಲ್ಲ, ಹಾಗೆ.

ನಾನು ದುರ್ಬೀನಿಗೆ ಕಣ್ಣಿಟ್ಟೆ. ಅವನ ಕೈ ತಾಗಿ ಅದು ಪಕ್ಕಕ್ಕೆ ತಿರುಗಿತ್ತು. ನೀರು, ಬರೀ ನೀರು ಕಂಡಿತು. ಹುಡುಕಿ ಹುಡುಕಿ ದಿಬ್ಬ ಸಿಕ್ಕಿತು. ಮುರುಗೇಶನ ನೀಲಿ ಅಂಗಿ ಸಿಕ್ಕಿತು. ಮಲಗಿದ್ದ. ಕಡಲಕ್ಕಿಗಳು ಅವನ ತೀರ ಹತ್ತಿರ ನಡೆದಾಡುತ್ತಿದ್ದವು. ಎಂಥ ಫೋಟೋ ಸಿಗಬಹುದು ಇವನಿಗೆ ಅಂದುಕೊಂಡೆ. ಆಮೇಲೆ ನೀರು ಅವನ ಕಾಲಿನವರೆಗೆ ಬಂದು ಹೋಯಿತು. ಅವನು ಕಾಲು ಎಳೆದುಕೊಳ್ಳಲಿಲ್ಲ. ಇನ್ನೊಮ್ಮೆ ಬಂತು. ಕ್ಯಾಮೆರಾ ಅವನ ಕೈಯಲ್ಲಿರಲಿಲ್ಲ, ಪಕ್ಕದಲ್ಲಿ ಮರಳಿನ ಮೇಲೆ ಮಗುಚಿ ಬಿದ್ದಿತ್ತು.

ನನಗೆ ಅರ್ಥವಾದದ್ದು ಆಗ. ಅಣ್ಣನ ಕೂಗು ನಿಂತದ್ದೂ ಆಗಲೇ.

ನಾನು ನೀರಿಗೆ ಓಡಿದೆ. ಅವನು ದಾಟುವಾಗ ಮೊಣಕಾಲಿಗಿದ್ದ ನೀರು ನನಗೆ ಸೊಂಟ ಮೀರಿ ಬಂತು. ಇನ್ನೊಂದು ಹೆಜ್ಜೆ ಇಟ್ಟರೆ ಕಾಲಡಿಯ ಮರಳು ಜಾರುತ್ತಿತ್ತು. ನನಗೆ ಈಜು ಬರುವುದಿಲ್ಲ. ಚಿಪ್ಪು ಹೆಕ್ಕುತ್ತಿದ್ದ ಹೆಂಗಸು ಹಿಂದಿನಿಂದ ನನ್ನ ರಟ್ಟೆ ಹಿಡಿದು ಎಳೆದಳು. "ಹ್ವಾಪುಕೆ ಆತಿಲ್ಲೆ ಅಕ್ಕಾ, ಸೆಳೆತ ಇತ್ತ್" ಅಂದಳು. ಅವಳೇ ದೂರದಲ್ಲಿ ಬಲೆ ಒಣಗಿಸುತ್ತಿದ್ದವರನ್ನು ಕೂಗಿ ಕರೆದಳು. ಇಬ್ಬರು ಗಂಡಸರು ದೋಣಿ ನೂಕಿದರು. ಸೆಳೆತಕ್ಕೆ ಎದುರಾಗಿ, ಸುತ್ತಿ ಬಳಸಿ ಹೋಗಬೇಕಾಗಿತ್ತು. ಹೊತ್ತು ಹಿಡಿಯಿತು. ನಾನು ಒದ್ದೆ ಸೀರೆಯಲ್ಲಿ ನಿಂತು ಮುರುಗೇಶನ ಫೋನಿಗೆ ರಿಂಗ್ ಮಾಡುತ್ತಲೇ ಇದ್ದೆ. ಆ ಕಡೆ ರಿಂಗಾಗುತ್ತಿತ್ತು, ಆಮೇಲೆ ರಿಂಗಾಗುವುದೂ ನಿಂತಿತು. ಅತ್ತಿಗೆ ಅಣ್ಣನ ಕಣ್ಣಿನ ಮುಂದಿಂದ ದುರ್ಬೀನು ಸರಿಸಲು ನೋಡಿದರು. ಅವನು ಹಿಡಿ ಬಿಡಲಿಲ್ಲ. ದೋಣಿ ಮುಟ್ಟುವವರೆಗೂ ನೋಡುತ್ತಲೇ ಇದ್ದ.

ದೋಣಿಯಲ್ಲಿ ತಂದು ದಡದಲ್ಲಿ ಮಲಗಿಸಿ ಎದೆ ಒತ್ತಿದರು. ಹೋಗಿದ್ದ. ವ್ಯಾನಿನ ಕೀಲಿ ಅವನ ಜೇಬಿನಲ್ಲೇ ಇತ್ತು, ನನಗೂ ಅತ್ತಿಗೆಗೂ ವ್ಯಾನ್ ಓಡಿಸಲು ಬರುವುದಿಲ್ಲ. ದೋಣಿಯವರಲ್ಲಿ ಒಬ್ಬ ಒದ್ದೆ ಬಟ್ಟೆಯಲ್ಲೇ ಕೂತು ನಮ್ಮನ್ನೆಲ್ಲ ಆಸ್ಪತ್ರೆಗೆ ಕರೆದೊಯ್ದ. ಮುರುಗೇಶನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ತಲೆಯನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಕಿವಿಯಲ್ಲೆಲ್ಲ ಮರಳು ತುಂಬಿತ್ತು.

ಸಂಜೆ ಅವನ ಹೆಂಡತಿ ಸೆಲ್ವಿ ತನ್ನ ತಮ್ಮನ ಜೊತೆ ಭದ್ರಾವತಿಯಿಂದ ಬಂದಳು. ಮರುದಿನ ಶವ ಪರೀಕ್ಷೆ ಮಾಡಿದ ಡಾಕ್ಟರು ಹಾರ್ಟ್ ಅಟ್ಯಾಕ್ ಅಂದರು. ಸೆಲ್ವಿ ಕೇಳಿದಳು: "ನೀರು ಬರೋಕ್ಕೆ ಮುಂಚೆನೇ ಹೋಗಿಬಿಟ್ರಾ ಸಾರ್?" ಅವರು ಸ್ವಲ್ಪ ಯೋಚಿಸಿ, "ಇರಬಹುದಮ್ಮಾ" ಅಂದರು.

ಆ "ಇರಬಹುದು" ಅವಳನ್ನು ಹಿಡಿದುಬಿಟ್ಟಿತು. ಕಾರ್ಯಗಳು ಮುಗಿದ ಮೇಲೆ ಒಂದು ಭಾನುವಾರ, ನಾನಿದ್ದಾಗಲೇ, ಸೆಲ್ವಿ ಅಣ್ಣನ ಮನೆಗೆ ಬಂದಳು. ಕುರ್ಚಿ ಬೇಡ ಅಂದು ಅಣ್ಣನ ಕಾಲ ಹತ್ತಿರ ನೆಲದ ಮೇಲೆ ಕೂತಳು. "ಅಣ್ಣಾ, ಬಿದ್ದ ಕೂಡ್ಲೇ ಜೀವ ಹೋಯ್ತಾ?"

"ಅದೇ" ಅಂದ ಅಣ್ಣ.

"ಇಲ್ಲ ಒದ್ದಾಡಿದ್ರಾ?"

"ಅದೇ."

"ಯಾರನ್ನಾದ್ರೂ ಕರೆದ್ರಾ?"

ಅಣ್ಣನ ಹಣೆಯಲ್ಲಿ ಬೆವರು ಬಂದಿತ್ತು. ಮತ್ತೆ ಅದೇ ಪದ ಬಂತು.

ಅತ್ತಿಗೆ ಸೆಲ್ವಿಯ ಪಕ್ಕ ಕೂತು, "ಅವರಿಗೆ ಬರೋದು ಅದೊಂದೇ ಮಾತು ಕಣಮ್ಮಾ. ಹೌದು ಅಂತಾನೂ ಅಲ್ಲ, ಇಲ್ಲ ಅಂತಾನೂ ಅಲ್ಲ" ಅಂದರು. ಸೆಲ್ವಿ, "ಗೊತ್ತು ಅಕ್ಕಾ. ಆದ್ರೆ ನೋಡಿದ್ದು ಇವರೊಬ್ರೇ ಅಲ್ವಾ?" ಅಂದಳು.

ಅವಳು ವಾರ ಬಿಟ್ಟು ವಾರ ಬಂದಳು. ಅತ್ತು ರಂಪ ಮಾಡಲಿಲ್ಲ, ಅಣ್ಣನನ್ನು ದೂರಲಿಲ್ಲ. ಅವವೇ ಪ್ರಶ್ನೆಗಳನ್ನು ಬೇರೆ ಬೇರೆ ರೀತಿ ಕೇಳುತ್ತಿದ್ದಳು. ತಲೆಯಾಡಿಸಿ ಹೇಳಿ ಅಂದರೆ ಅಣ್ಣ ಒಮ್ಮೆ ಹೌದು ಅಂತ ಆಡಿಸುತ್ತಿದ್ದ, ಗಾಬರಿಯಾಗಿ ಅದನ್ನೇ ಇಲ್ಲ ಅಂತ ಆಡಿಸುತ್ತಿದ್ದ. ಮಾತು ಕಲಿಸುವ ಹುಡುಗಿ ಸಮುದ್ರ, ಮನುಷ್ಯ, ದೋಣಿ ಅಂತ ಚಿತ್ರ ಬರೆದು ಮುಂದಿಟ್ಟಾಗ ಮಾತ್ರ ಅವನು ಅದನ್ನೆಲ್ಲ ನೆಲಕ್ಕೆ ಚೆಲ್ಲಿ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟ. ಬರಬರುತ್ತ ಗೇಟಿನ ಸದ್ದಾದರೆ ಸಾಕು, ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಸೆಲ್ವಿಗೆ ಬರಬೇಡ ಅನ್ನಲು ಅತ್ತಿಗೆಗೆ ಬಾಯಿ ಬರಲಿಲ್ಲ. ನನಗೂ ಬರಲಿಲ್ಲ. ಒಬ್ಬರು ಕೇಳುತ್ತಿದ್ದರು, ಇನ್ನೊಬ್ಬರು ಹೇಳಲಾರದೆ ಸೊರಗುತ್ತಿದ್ದರು. ನನಗೂ ಅತ್ತಿಗೆಗೂ ಕಾಫಿ ಮಾಡಿ ತಂದಿಡುವುದು ಬಿಟ್ಟು ಬೇರೇನೂ ಮಾಡಲಾಗಲಿಲ್ಲ.

ಬೇಸಿಗೆಯಲ್ಲಿ ಅಣ್ಣನಿಗೆ ಪದಗಳು ಬರಲು ಶುರುವಾದವು. ಮೊದಲು "ನೀರು". ಆಮೇಲೆ "ಗಿರಿಜ", "ಬೇಡ", "ಸಾಕು". ಒಂದು ಭಾನುವಾರ ನಾನು ಒಳಗೆ ಕಾಲಿಟ್ಟಾಗ "ಸುಮಿ" ಅಂದ. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಹಕ್ಕಿಯ ಹೆಸರು ಒಂದೂ ಬರಲಿಲ್ಲ. ನಾವೂ ಕೇಳಲಿಲ್ಲ. ದುರ್ಬೀನನ್ನು ಅತ್ತಿಗೆ ಅಟ್ಟಕ್ಕೆ ಹಾಕಿದ್ದರು.

ಮಳೆ ಹಿಡಿದ ಹೊಸದರಲ್ಲಿ ಸೆಲ್ವಿ ಬಂದಳು. ನಡುವೆ ಕೆಲವು ವಾರ ಬಂದಿರಲಿಲ್ಲ. ಸೊರಗಿದ್ದಳು, ಆದರೆ ತಲೆ ಬಾಚಿ, ಒಳ್ಳೆಯ ಸೀರೆ ಉಟ್ಟಿದ್ದಳು. ಶಾಲೆ ಮಕ್ಕಳ ಯೂನಿಫಾರಂ ಹೊಲಿಯುವ ಕೆಲಸ ಸಿಕ್ಕಿದ್ದನ್ನು ಹೇಳಿದಳು. ಮಷಿನ್ ತುಳಿದು ತುಳಿದು ಕಾಲು ಊದಿದೆ ಅಂದಳು. ಆ ದಿನ ಅವಳು ಏನನ್ನೂ ಕೇಳಲಿಲ್ಲ. ಕಾಫಿ ಕುಡಿದು, ಲೋಟ ಕೆಳಗಿಟ್ಟು, "ಬರ್ತೀನಿ ಅಣ್ಣಾ" ಅಂತ ಎದ್ದಳು.

"ಸೆಲ್ವಿ" ಅಂದ ಅಣ್ಣ.

ಅವಳು ಮತ್ತೆ ಕೂತಳು. ಅಣ್ಣ ಎಡಗೈಯನ್ನು ತೊಡೆಯ ಮೇಲೆ ಊರಿಕೊಂಡು ಮುಂದಕ್ಕೆ ಬಾಗಿದ. ಒಂದೊಂದು ಪದಕ್ಕೂ ಎಲ್ಲಿಂದಲೋ ಎತ್ತಿ ತರುವವನ ಹಾಗೆ ಏದುತ್ತಿದ್ದ. "ಬಿದ್ದ" ಅಂದ. "ಆಯ್ತು" ಅಂದ. ಆಮೇಲೆ, "ನೋವು... ಇಲ್ಲ."

ಸೆಲ್ವಿ ಅವನ ಹತ್ತಿರಕ್ಕೆ ಸರಿದಳು. "ನೀರು ಬರೋಕ್ಕೆ ಮುಂಚೆನೇನಾ ಅಣ್ಣಾ?"

"ಮುಂಚೆ" ಅಂದ ಅಣ್ಣ. ತಡವರಿಸಲಿಲ್ಲ.

ಆ ಮನೆಯಲ್ಲಿ ಒಮ್ಮೆಯೂ ಅಳದಿದ್ದ ಸೆಲ್ವಿ ಆಗ ಅತ್ತಳು. ಅತ್ತಿಗೆ ಅವಳನ್ನು ತಬ್ಬಿಕೊಂಡು ಕೂತರು. ಎಷ್ಟೋ ಹೊತ್ತಾದ ಮೇಲೆ ಮುಖ ತೊಳೆದುಕೊಂಡು, ಅಣ್ಣನ ಕಾಲು ಮುಟ್ಟಿ, ಕೊಡೆ ಬಿಡಿಸಿಕೊಂಡು ಹೋದಳು. ಅತ್ತಿಗೆ ಗೇಟಿನವರೆಗೆ ಹೋದರು.

ಒಳಗೆ ನಾನು, ಅಣ್ಣ ಇಬ್ಬರೇ. ಅಳಿವೆಯಲ್ಲಿ ಅವನು ಅಷ್ಟು ಹೊತ್ತು ಕೂಗಿದ್ದು ನನ್ನ ಕಿವಿಯಲ್ಲಿತ್ತು. ಬಿದ್ದ ಕೂಡಲೇ ಎಲ್ಲ ಮುಗಿದಿದ್ದರೆ ಅಣ್ಣ ಯಾರಿಗೆ ತಿರುಗಿ ಕೈ ಬೀಸಿದ ಅನ್ನುವುದು ತಿಂಗಳುಗಳಿಂದ ನನ್ನನ್ನು ಕೊರೆಯುತ್ತಿತ್ತು. ಸೆಲ್ವಿಯ ಹತ್ತಿರವಾಗಲಿ, ಅತ್ತಿಗೆಯ ಹತ್ತಿರವಾಗಲಿ ನಾನು ಅದನ್ನು ಎತ್ತಿರಲಿಲ್ಲ.

"ನಿಜನಾ ಅಣ್ಣಾ?" ಅಂತ ಕೇಳಿದೆ.

ಅವನು ನನ್ನನ್ನೇ ನೋಡಿದ. ಹೌದು, ಇಲ್ಲ ಎರಡೂ ಅಷ್ಟು ಹೊತ್ತಿಗೆ ಅವನ ಬಾಯಿಗೆ ಬರುತ್ತಿದ್ದವು. ಅವೆರಡನ್ನೂ ಹೇಳಲಿಲ್ಲ.

"ಸಾಕು, ಸುಮಿ" ಅಂದ.

ನಾನು ಸೆಲ್ವಿ ಕುಡಿದಿಟ್ಟ ಲೋಟ ತೆಗೆದುಕೊಂಡು ಒಳಗೆ ಹೋದೆ.